ಕಂಡಕ್ಟರ್ ಮಗ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದಾಗ

ನಮ್ಮಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಮೂವತ್ತು ವರ್ಷಕ್ಕಿಂತ ಹೆಚ್ಚು ಸರ್ವಿಸ್, ಅದರಲ್ಲಿ ಬಹುಪಾಲು ಮೈಸೂರು ಲೈನು. ಮನೆ ಬಾಪೂಜಿ ನಗರದಲ್ಲಿ, ಮೈಸೂರು ರಸ್ತೆಯಿಂದ ಒಳಗೆ ಮೂರನೇ ಕ್ರಾಸು. ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ನಡೆದುಕೊಂಡೇ ಹೋಗಬಹುದು ಅನ್ನೋ ಒಂದೇ ಕಾರಣಕ್ಕೆ ಅಪ್ಪ ಇಲ್ಲಿ ಮನೆ ಮಾಡಿದ್ದು. ವೃಷಭಾವತಿಯ ವಾಸನೆ, ಗಾಳಿ ಆಂಜನೇಯನ ಗುಡಿಯ ಗಂಟೆ, ಬೆಳಗಿನ ಜಾವ ಡ್ಯೂಟಿಗೆ ಹೊರಡುವ ಅಪ್ಪನ ಚರ್ಮದ ಬ್ಯಾಗಿನ ಚಿಲ್ಲರೆ ಸದ್ದು, ಇವಿಷ್ಟು ನನ್ನ ಬಾಲ್ಯ.

ಜೀವಮಾನ ಪೂರ್ತಿ ಓಡಾಡಿದ ಮನುಷ್ಯ ಒಂದು ಸಲವೂ ಸುಮ್ಮನೆ ಊರು ನೋಡೋಕೆ ಅಂತ ಹೋದವರಲ್ಲ. ಮೈಸೂರಿಗೆ ಸಾವಿರಾರು ಸಲ ಹೋಗಿದ್ದಾರೆ. ಅರಮನೆ ಒಳಗೆ ಕಾಲಿಟ್ಟಿದ್ದು ಎರಡೇ ಸಲವಂತೆ, ಅದೂ ನೆಂಟರನ್ನು ಕರೆದುಕೊಂಡು.

ಇಂಥವರ ಮಗ ನಾನು 2017ರ ಅಕ್ಟೋಬರ್‌ನಲ್ಲಿ ಎಂ.ಎಸ್. ಮಾಡೋಕೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದೆ. ಅಲ್ಲಿ ಓದು ಉಚಿತ ಅನ್ನೋ ಮಾತು ಆಗ ಎಲ್ಲರ ಬಾಯಲ್ಲಿತ್ತು. ನಮ್ಮ ದುರದೃಷ್ಟ ನೋಡಿ, ಆ ಊರಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಅದೇ ವರ್ಷದಿಂದ ಯುರೋಪಿನ ಹೊರಗಿನಿಂದ ಬರುವ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ ಹಾಕಿತು. ಅದರ ಜೊತೆ ವೀಸಾ ಸಿಗಬೇಕಾದ್ರೆ ಒಂದು ವರ್ಷದ ಖರ್ಚು 8,640 ಯೂರೋ ಮೊದಲೇ ಬ್ಯಾಂಕಿನಲ್ಲಿ ಕಟ್ಟಿಟ್ಟಿರಬೇಕು. ಅದರಿಂದ ತಿಂಗಳಿಗೆ 720 ಯೂರೋ ಮಾತ್ರ ತೆಗೆಯಬಹುದು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಆರೂವರೆ ಲಕ್ಷ ರೂಪಾಯಿ. (ಈಗ ಅದು 11,904 ಯೂರೋ ಆಗಿದೆ. ಮಕ್ಕಳನ್ನು ಕಳಿಸಬೇಕು ಅಂದುಕೊಂಡಿರೋರು ಗಮನಿಸಿ.) ಎಜುಕೇಶನ್ ಲೋನ್ ಆಯ್ತು, ಅಪ್ಪನ ಪಿ.ಎಫ್.ನಿಂದ ಒಂದಿಷ್ಟು ಆಯ್ತು, ಅಮ್ಮನ ಎರಡು ಬಳೆ ಒತ್ತೆ ಹೋದವು. ನಿವೃತ್ತಿಗೆ ಇನ್ನೆರಡು ವರ್ಷ ಇದ್ದ ಅಪ್ಪ ಒಂದು ಮಾತೂ ಆಡಲಿಲ್ಲ. ವಿಮಾನ ನಿಲ್ದಾಣದಲ್ಲಿ ಹೇಳಿದ್ದು ಇಷ್ಟೇ: "ಚಿಲ್ಲರೆ ಇಟ್ಕೊಂಡಿರು, ಎಲ್ಲೇ ಹೋದ್ರೂ ಬೇಕಾಗುತ್ತೆ."

ನಮ್ಮ ಕ್ಯಾಂಪಸ್ ಇದ್ದಿದ್ದು ಊರಾಚೆ ಫೈಹಿಂಗೆನ್ ಅನ್ನೋ ಕಡೆ. ಹಾಸ್ಟೆಲ್ ಸುತ್ತ ಕಾಡು. ವಾರವೆಲ್ಲ ಲ್ಯಾಬು, ಅಸೈನ್‌ಮೆಂಟು, ಮೂರು ಸಂಜೆ ಸೂಪರ್ ಮಾರ್ಕೆಟ್‌ನಲ್ಲಿ ಡಬ್ಬಿ ಜೋಡಿಸುವ ಕೆಲಸ. ಗಂಟೆಗೆ 8.84 ಯೂರೋ, ಅದು ಆಗಿನ ಕನಿಷ್ಠ ಕೂಲಿ. ಭಾನುವಾರ ಬಂತು ಅಂದ್ರೆ ಅಂಗಡಿ ಎಲ್ಲ ಬಂದ್. ನಮ್ಮ ಮೈಸೂರು ರಸ್ತೆ ಗಲಾಟೆಯಲ್ಲಿ ಬೆಳೆದವನಿಗೆ ಆ ನಿಶ್ಶಬ್ದದಲ್ಲಿ ಕಿವಿ ನೋಯುತ್ತಿತ್ತು ಅಂದ್ರೆ ನಂಬ್ತೀರಾ? ಮೊದಲ ನಾಲ್ಕು ಭಾನುವಾರ ರೂಮಿನಲ್ಲೇ ಕೂತು ಅನ್ನ-ಸಾರು ತಿಂದು ಮಲಗಿದೆ. ಐದನೇ ಭಾನುವಾರ ಅಳು ಬಂತು. ಆರನೆಯದಕ್ಕೆ ಧಾರವಾಡದ ಒಬ್ಬ ಗೆಳೆಯ ಬಂದು ಬಾಗಿಲು ಬಡಿದ. "ಏಳೋ, ಐದು ಮಂದಿ ಆದ್ರ ಟಿಕೆಟ್ ಅಗ್ಗ ಬೀಳತೈತಿ, ಒಬ್ಬ ಕಮ್ಮಿ ಅದಾನ" ಅಂದ.

ಹಾಗೆ ಶುರುವಾಗಿದ್ದು ನನ್ನ ವಾರಾಂತ್ಯದ ತಿರುಗಾಟ. ಅಲ್ಲಿ ರಾಜ್ಯಕ್ಕೊಂದು ದಿನದ ಟಿಕೆಟ್ ಇದೆ. ಒಂದೇ ಟಿಕೆಟ್‌ನಲ್ಲಿ ಐದು ಜನರವರೆಗೂ ಆ ರಾಜ್ಯದ ಯಾವ ಪ್ಯಾಸೆಂಜರ್ ರೈಲನ್ನಾದರೂ ಇಡೀ ದಿನ ಹತ್ತಿ ಇಳಿಯಬಹುದು. ವೇಗದ ರೈಲು ಮಾತ್ರ ಹತ್ತುವ ಹಾಗಿಲ್ಲ. ಐದು ಜನ ಹಂಚಿಕೊಂಡರೆ ತಲೆಗೆ ಹತ್ತು ಯೂರೋ ಆಸುಪಾಸು. ಬೆಳಿಗ್ಗೆ ಚಪಾತಿಗೆ ಆಲೂಗಡ್ಡೆ ಪಲ್ಯ ಸುತ್ತಿ ಫಾಯಿಲ್‌ನಲ್ಲಿ ಕಟ್ಟಿಕೊಂಡು, ನಲ್ಲಿ ನೀರು ಬಾಟಲಿಗೆ ತುಂಬಿಕೊಂಡು ಹೊರಟರೆ ದಿನದ ಖರ್ಚು ಅಷ್ಟರಲ್ಲೇ ಮುಗೀತು. ಖಾಲಿ ಪ್ಲಾಸ್ಟಿಕ್ ಬಾಟಲಿ ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸ್ ಬರುತ್ತೆ. ಹಾಸ್ಟೆಲ್ ಪಾರ್ಟಿ ಮುಗಿದ ಮಾರನೇ ದಿನ ನಾವು ಬಾಟಲಿ ಆರಿಸಿ ಟಿಕೆಟ್ ಕಾಸು ಹೊಂದಿಸಿದ್ದೂ ಉಂಟು, ಅದರಲ್ಲೇನು ನಾಚಿಕೆ.

ಹೈಡೆಲ್‌ಬರ್ಗ್ ಕೋಟೆ, ಕಪ್ಪು ಕಾಡಿನ ನಡುವಿನ ಟಿಟಿಸೇ ಸರೋವರ, ಫ್ರೈಬುರ್ಗ್ ಎಲ್ಲ ಆಯ್ತು. ಉಲ್ಮ್‌ಗೆ ಹೋಗಿ ಆಗ ಪ್ರಪಂಚದಲ್ಲೇ ಅತಿ ಎತ್ತರದ್ದಾಗಿದ್ದ ಚರ್ಚ್ ಗೋಪುರ ಹತ್ತಿದೆವು. 161 ಮೀಟರ್ ಗೋಪುರ, 768 ಮೆಟ್ಟಿಲು. ಐನ್‌ಸ್ಟೈನ್ ಹುಟ್ಟಿದ್ದು ಅದೇ ಊರಲ್ಲಿ. ಆದರೆ ನನಗೆ ಉಲ್ಮ್ ಅಂದ್ರೆ ಇವತ್ತಿಗೂ ನೆನಪಾಗೋದು ಇಳಿದ ಮೇಲೆ ಎರಡು ದಿನ ನೋಯುತ್ತಿದ್ದ ಮೀನಖಂಡ.

ಇನ್ನೊಂದು ಸಲ ಕಾನ್‌ಸ್ಟಾನ್ಸ್‌ಗೆ ಹೋದೆವು. ದೊಡ್ಡ ಸರೋವರದ ದಂಡೆ ಮೇಲಿನ ಊರು, ಆಚೆ ಬದಿ ಸ್ವಿಟ್ಜರ್ಲೆಂಡು. ಅಲ್ಲಿ ಗಡಿ ಅಂದ್ರೆ ಬೇಲಿ ಇಲ್ಲ, ಸಾಲಾಗಿ ನಿಲ್ಲಿಸಿದ ಎತ್ತರದ ಕೆಂಪು ಶಿಲ್ಪಗಳು. ಅವುಗಳ ನಡುವೆ ನಡೆದರೆ ಇನ್ನೊಂದು ದೇಶ! ಅಲ್ಲೊಂದು ಫೋಟೋ ತೆಗೆಸಿಕೊಂಡು "ನಡ್ಕೊಂಡೇ ಸ್ವಿಟ್ಜರ್ಲೆಂಡ್‌ಗೆ ಬಂದೆ" ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದೆ.

ಅದೇ ಎಡವಟ್ಟಾಯಿತು. ಮುಂದಿನ ವಾರ ನೆಂಟರ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಯಾರೋ ಅಪ್ಪನಿಗೆ ಕೇಳಿದರಂತೆ: "ಏನ್ರೀ, ಸಾಲ ಮಾಡಿ ಓದೋಕೆ ಕಳಿಸಿದ್ರಿ, ಮಗ ಸ್ವಿಟ್ಜರ್ಲೆಂಡ್ ಸುತ್ತುತಾ ಇದ್ದಾನಲ್ಲ!" ಅಪ್ಪ ನಕ್ಕು ಸುಮ್ಮನಾದರಂತೆ. ಇದನ್ನು ನನಗೆ ಹೇಳಿದ್ದು ಅಮ್ಮ. ಆ ಇಡೀ ದಿನಕ್ಕೆ ನಾನು ಖರ್ಚು ಮಾಡಿದ್ದು ಸಾವಿರ ರೂಪಾಯಿಯೂ ಮುಟ್ಟಿರಲಿಲ್ಲ. ಆದರೆ ಫೋಟೋದಲ್ಲಿ ಚಪಾತಿ ಫಾಯಿಲ್ ಕಾಣೋದಿಲ್ಲ, ಸರೋವರ ಕಾಣುತ್ತೆ. ಅಪ್ಪ ಆ ವಯಸ್ಸಲ್ಲಿ ಓ.ಟಿ. ಮಾಡಿ ಬಡ್ಡಿ ಕಟ್ಟುತ್ತಿದ್ದಾಗ ಹಾಕಬೇಕಾದ ಫೋಟೋ ಅದಾಗಿರಲಿಲ್ಲ. ಅವತ್ತಿಂದ ಸ್ಟೇಟಸ್ ಹಾಕೋದು ಬಿಟ್ಟೆ. ತಿರುಗಾಟ ಬಿಡಲಿಲ್ಲ, ಹೇಳೋದು ಬಿಟ್ಟೆ. ಶನಿವಾರ ಫೋನ್ ಮಾಡಿದರೆ "ಲೈಬ್ರರಿಯಲ್ಲಿದ್ದೀನಿ" ಅನ್ನುತ್ತಿದ್ದೆ. ಹಿಂದೆ ರೈಲಿನ ಅನೌನ್ಸ್‌ಮೆಂಟ್ ಕೇಳಿಸುತ್ತಿತ್ತು. ಜೀವನವೆಲ್ಲ ನಿಲ್ದಾಣದಲ್ಲಿ ಕಳೆದವರಿಗೆ ಅದು ಗೊತ್ತಾಗದೆ ಇರುತ್ತಾ?

2018ರ ಮೇ ತಿಂಗಳಲ್ಲಿ ಅಪ್ಪನೇ ಒಂದು ದಿನ ಫೋನಿನಲ್ಲಿ ಕೇಳಿದರು. "ಆ ಕಿಟ್ಟೆಲ್ ಇದ್ದಾರಲ್ಲ, ಡಿಕ್ಷನರಿ ಬರೆದೋರು, ಅವರು ಸತ್ತಿದ್ದು ನಿಮ್ ಕಡೇನೇ ಅಂತ ಪೇಪರಲ್ಲಿ ಓದಿದ್ದೆ. ಟ್ಯೂಬಿಂಗೆನ್ನೋ ಏನೋ. ಹತ್ರಾನಾ?"

ಹತ್ತಿರವೇ. ಒಂದು ಗಂಟೆ ದಾರಿ. ಅಷ್ಟು ತಿಂಗಳಿದ್ದರೂ ನನಗೆ ಈ ವಿಷಯ ಹೊಳೆದಿರಲಿಲ್ಲ. ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಶನ್ ಕಡೆಯಿಂದ ಧಾರವಾಡಕ್ಕೆ ಬಂದವರು. ಆಮೇಲೆ ಮಂಗಳೂರು, ಮಡಿಕೇರಿ. ಧರ್ಮ ಪ್ರಚಾರಕ್ಕೆ ಬಂದ ಮನುಷ್ಯ ಹಳಗನ್ನಡದ ಛಂದಸ್ಸು, ವ್ಯಾಕರಣ ಅಂತ ಮುಳುಗಿ ಎದ್ದಿದ್ದು 1894ರಲ್ಲಿ, ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟಿನ ಜೊತೆಗೆ. ಎರಡು ವರ್ಷದ ನಂತರ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ತೀರಿಕೊಂಡಿದ್ದು ಅದೇ ಊರಲ್ಲಿ, 1903ರಲ್ಲಿ. ಹುಡುಕುತ್ತಾ ಹೋದರೆ ಇನ್ನೊಂದು ಸಿಕ್ಕಿತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಓದಿದ್ದು ಟ್ಯೂಬಿಂಗೆನ್‌ನಲ್ಲಿ, ತೀರಿಕೊಂಡಿದ್ದು ಎಸ್‌ಲಿಂಗೆನ್‌ನಲ್ಲಿ. ಎಸ್‌ಲಿಂಗೆನ್ ಅಂದ್ರೆ ನಮ್ಮ ಲೋಕಲ್ ರೈಲಿನ ಸ್ಟಾಪು! ಕ್ರಿಸ್‌ಮಸ್ ಸಂತೆ ನೋಡೋಕೆ ಅಲ್ಲಿಗೆ ಮೂರು ಸಲ ಹೋಗಿ ಬಂದಿದ್ದೆ, ಗೊತ್ತೇ ಇರಲಿಲ್ಲ.

ಆ ಶನಿವಾರ ಗೆಳೆಯರಿಗೆಲ್ಲ ಪರೀಕ್ಷೆ, ಒಬ್ಬನೇ ಹೊರಟೆ. ಒಬ್ಬನಿಗೆ ದಿನದ ಟಿಕೆಟ್ ದುಬಾರಿ. ನನ್ನ ವಿದ್ಯಾರ್ಥಿ ಪಾಸು ಹೆರೆನ್‌ಬೆರ್ಗ್ ಅನ್ನೋ ಕೊನೇ ಸ್ಟಾಪಿನವರೆಗೂ ನಡೆಯುತ್ತೆ. ಅಲ್ಲಿಂದ ಮುಂದಕ್ಕೆ ಬೇರೆ ವಲಯ, ಬೇರೆ ಟಿಕೆಟ್. ಇಳಿದಾಗ ಟ್ಯೂಬಿಂಗೆನ್ ರೈಲು ಎದುರಿಗೇ ನಿಂತಿತ್ತು, ಬಾಗಿಲು ಮುಚ್ಚೋದರಲ್ಲಿತ್ತು. ಟಿಕೆಟ್ ಯಂತ್ರದ ಮುಂದೆ ಒಂದು ಅಜ್ಜಿ ಒಂದೊಂದೇ ನಾಣ್ಯ ಹಾಕುತ್ತಿತ್ತು. ನಾನೇನು ಮಾಡಿದೆ ಗೊತ್ತಾ? ಹತ್ತಿಬಿಟ್ಟೆ. ಕಂಡಕ್ಟರ್ ಬರ್ತಾನೆ, ತಗೊಂಡ್ರಾಯ್ತು ಅಂತ! ಇಪ್ಪತ್ತೆರಡು ವರ್ಷದ ಅಭ್ಯಾಸ ಏಳು ತಿಂಗಳಲ್ಲಿ ಹೋಗುತ್ತಾ?

ಬಂದರು. ಕಂಡಕ್ಟರ್ ಅಲ್ಲ, ಚೆಕಿಂಗ್‌ನವರು. ಜೀನ್ಸ್ ಹಾಕಿದ್ದ ಇಬ್ಬರು ಎದ್ದು ನಿಂತು ಗುರುತಿನ ಚೀಟಿ ತೋರಿಸಿದರು. ನಾನು ಚಿಲ್ಲರೆ ಹಿಡಿದುಕೊಂಡು ಟ್ಯೂಬಿಂಗೆನ್‌ಗೆ ಒಂದು ಕೊಡಿ ಅಂದೆ. ಅವರಿಗೆ ಅರ್ಥವೇ ಆಗಲಿಲ್ಲ. ಅಲ್ಲಿ ಇಂಥ ರೈಲು ಹತ್ತೋಕೆ ಮೊದಲೇ ಟಿಕೆಟ್ ಇರಬೇಕು, ಒಳಗೆ ಕೊಳ್ಳುವ ವ್ಯವಹಾರ ಇಲ್ಲ. ಪಾಪ, ಒರಟಾಗೇನೂ ಮಾತಾಡಲಿಲ್ಲ. ಹೆಸರು ಬರೆದುಕೊಂಡು ಚೀಟಿ ಹರಿದು ಕೊಟ್ಟರು: 60 ಯೂರೋ ದಂಡ, ಎರಡು ವಾರದೊಳಗೆ ಕಟ್ಟಬೇಕು. ಎದುರಿನ ಸೀಟಿನ ಮಗು ನನ್ನನ್ನೇ ನೋಡುತ್ತಿತ್ತು. ಹತ್ತಿರ ಹತ್ತಿರ ಏಳು ಗಂಟೆ ಡಬ್ಬಿ ಜೋಡಿಸಿದ ದುಡ್ಡು. ಅಪ್ಪನ ಖಾಕಿ ಅಂಗಿ ಕಣ್ಮುಂದೆ ಬಂತು.

ಟ್ಯೂಬಿಂಗೆನ್ ಚೆಂದದ ಊರು. ನೆಕರ್ ನದಿ ದಂಡೆಯ ಬಣ್ಣಬಣ್ಣದ ಮನೆಗಳು, ಕವಿ ಹೋಲ್ಡರ್‌ಲಿನ್ ಮೂವತ್ತಾರು ವರ್ಷ ಕಳೆದ ಹಳದಿ ಗೋಪುರ, ಉದ್ದ ಕೋಲಿನಿಂದ ನೂಕುವ ದೋಣಿಗಳು, ನಡುಗಡ್ಡೆಯಲ್ಲಿ ಸಾಲು ಮರಗಳ ದಾರಿ. ಹರ್ಮನ್ ಹೆಸ್ಸೆ ಯುವಕನಾಗಿದ್ದಾಗ ಕೆಲಸ ಮಾಡಿದ ಹೆಕೆನ್‌ಹವರ್ ಪುಸ್ತಕದಂಗಡಿಯೂ ಇಲ್ಲೇ. ಆತನ ತಾಯಿ ಹುಟ್ಟಿದ್ದು ನಮ್ಮ ಪಕ್ಕದ ತಲಶ್ಶೇರಿಯಲ್ಲಿ, ತಾತ ಗುಂಡರ್ಟ್ ಮಲಯಾಳಕ್ಕೆ ನಿಘಂಟು ಮಾಡಿದವರು. ಮಂಗಳೂರಿಂದ ಕಣ್ಣೂರಿನವರೆಗಿನ ನಮ್ಮ ಕರಾವಳಿಗೂ ಈ ಪುಟ್ಟ ಊರಿಗೂ ಇಷ್ಟು ನಂಟು ಅಂತ ನಮ್ಮ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಇವನ್ನೆಲ್ಲ ನೋಡಿದೆ ನಿಜ, ಆದರೆ ಜೇಬಿನಲ್ಲಿದ್ದ ಆ ಚೀಟಿ ಸುಡುತ್ತಲೇ ಇತ್ತು. ಚಪಾತಿ ಬಿಚ್ಚಲೇ ಇಲ್ಲ. ವಾಪಸ್ ಬರುವಾಗ ಟಿಕೆಟ್ ತಗೊಂಡು, ಸರಿಯಾಗಿದೆಯಾ ಅಂತ ನಾಲ್ಕು ಸಲ ಓದಿ ಹತ್ತಿದೆ. ಅವತ್ತು ಚೆಕಿಂಗ್‌ಗೆ ಯಾರೂ ಬರಲಿಲ್ಲ ಬಿಡಿ.

ಒಂದು ತಿಂಗಳು ಮನೆಯಲ್ಲಿ ಹೇಳಲಿಲ್ಲ. ಅಪ್ಪ ಮಾತ್ರ ಪ್ರತಿ ವಾರ "ಕಿಟ್ಟೆಲ್ ಊರಿಗೆ ಹೋಗಿದ್ಯಾ?" ಅಂತ ಕೇಳೋರು. ಕೊನೆಗೆ ಒಂದು ರಾತ್ರಿ ಎಲ್ಲ ಬಾಯಿಬಿಟ್ಟೆ. ದಂಡ, ಲೈಬ್ರರಿ ಸುಳ್ಳು, ಸ್ವಿಟ್ಜರ್ಲೆಂಡ್ ಫೋಟೋ ಎಲ್ಲ. ಆ ಕಡೆ ಸುಮಾರು ಹೊತ್ತು ಮಾತಿಲ್ಲ. ಹಿಂದೆ ಮೈಸೂರು ರಸ್ತೆಯ ಹಾರ್ನ್ ಕೇಳಿಸುತ್ತಿತ್ತು.

"ದುಡ್ಡು ಕಟ್ಟಿದ್ಯಾ?"

"ಕಟ್ಟಿದೆ."

"ರಸೀದಿ ಇಟ್ಕೊಂಡಿದ್ಯಾ?"

"ಇದೆ."

"ಸ್ಟೇಜ್ ದಾಟಿದ್ದಕ್ಕೆ ತಾನೆ ಹಿಡಿದಿದ್ದು? ಪೂರ್ತಿ ಟಿಕೆಟ್ ಇಲ್ದೆ ಅಲ್ವಲ್ಲ." ದನಿಯಲ್ಲಿ ನಗು ಇತ್ತೋ ಏನೋ, ನನಗೆ ಖಾತ್ರಿಯಿಲ್ಲ. ಆಮೇಲೆ ಒಂದು ಕತೆ ಹೇಳಿದರು, ನಾನು ಹಿಂದೆಂದೂ ಕೇಳಿರದಿದ್ದು. ನಾನು ಹುಟ್ಟೋಕೆ ಮುಂಚೆ, ರಾತ್ರಿ ಬಸ್ಸಲ್ಲಿ ಒಬ್ಬ ಕಾಲೇಜು ಹುಡುಗ ಮದ್ದೂರಿಗೆ ಟಿಕೆಟ್ ತಗೊಂಡು ನಿದ್ದೆ ಹೋಗಿ ಮಂಡ್ಯ ದಾಟಿಬಿಟ್ಟಿದ್ದ. ಮುಂದೆ ಸ್ಕ್ವಾಡ್ ಹತ್ತಿತು. ಹುಡುಗನ ಹತ್ತಿರ ಕಾಸಿಲ್ಲ, ಪರೀಕ್ಷೆ ಫೀಸು ಕಟ್ಟಿ ಬರ್ತಿದ್ನಂತೆ. ಅಪ್ಪ ತಮ್ಮ ಜೇಬಿಂದ ದಂಡ ಕಟ್ಟಿದರು. ಅದರ ಮೇಲೆ ಎಬ್ಬಿಸಿ ಇಳಿಸಲಿಲ್ಲ ಅಂತ ಇವರಿಗೊಂದು ಮೆಮೋ ಬೇರೆ. "ಅಮ್ಮಂಗೆ ಇದನ್ನ ಹೇಳಿಲ್ಲ ನಾನು, ನೀನೂ ಹೇಳ್ಬೇಡ" ಅಂದರು. ಫೋನ್ ಇಡುವ ಮೊದಲು: "ಶನಿವಾರ ಎಲ್ಲಿಗೆ ಹೋಗ್ತೀಯೋ ಹೋಗು. ಎಲ್ಲಿಂದ ಎಲ್ಲಿಗೆ, ಟಿಕೆಟ್ ಎಷ್ಟು ಅಂತ ನಂಗೆ ಹೇಳು, ಸಾಕು."

ಅಲ್ಲಿಂದ ಮುಂದೆ ಪ್ರತಿ ವಾರ ಅಪ್ಪನಿಗೊಂದು ವರದಿ. ಎಷ್ಟು ಕಿಲೋಮೀಟರು, ಎಷ್ಟು ಸ್ಟಾಪು, ಡ್ರೈವರ್ ಹೆಂಗಸಾ ಗಂಡಸಾ, ತಡ ಆಯ್ತಾ. (ಜರ್ಮನಿಯ ರೈಲು ಟೈಮಿಗೆ ಸರಿಯಾಗಿ ಬರುತ್ತೆ ಅನ್ನೋದನ್ನು ಅಲ್ಲಿದ್ದವರು ಯಾರೂ ನಂಬೋದಿಲ್ಲ. ಅಪ್ಪನಿಗೆ ಅದು ಕೇಳಿ ಬಹಳ ಸಮಾಧಾನ ಆಯಿತು.) ಅವರು ಎಲ್ಲವನ್ನೂ ಹಳೆಯ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. 2019ರಲ್ಲಿ ಅವರು ನಿವೃತ್ತರಾದರು. ನಾನು ಓದು ಮುಗಿಸಿ, ಒಂದೂವರೆ ವರ್ಷ ಅಲ್ಲೇ ಕೆಲಸ ಮಾಡಿ ಸಾಲ ತೀರಿಸಿ, ಬಳೆ ಬಿಡಿಸಿ 2021ರಲ್ಲಿ ವಾಪಸ್ ಬಂದೆ. 2023ರ ಮೇನಲ್ಲಿ ಆ ದೇಶದಲ್ಲಿ ತಿಂಗಳಿಗೆ 49 ಯೂರೋಗೆ ಇಡೀ ದೇಶದ ಲೋಕಲ್ ರೈಲು, ಬಸ್ಸು ಎಲ್ಲಕ್ಕೂ ಒಂದೇ ಪಾಸು ಮಾಡಿದರು, ಆಮೇಲೆ ದರ ಏರಿಸಿದರು. ಈ ಸುದ್ದಿ ಹೇಳಿದಾಗ ಅಪ್ಪ ಲೆಕ್ಕ ಹಾಕಿ, "ನಿನ್ ದಂಡದ ದುಡ್ಡಲ್ಲಿ ಒಂದು ತಿಂಗಳು ದೇಶ ಸುತ್ತಬಹುದಿತ್ತು ನೋಡು" ಅಂದರು.

ಕಳೆದ ಭಾನುವಾರ ಅವರೇ ಹೊರಡಿಸಿದರು. ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿ ಎಂ.ಜಿ. ರಸ್ತೆಗೆ. ನನ್ನ ಹತ್ತಿರ ಕಾರ್ಡ್ ಇದೆ ಅಂದರೂ ಕೇಳದೆ ಕ್ಯೂನಲ್ಲಿ ನಿಂತು ತಮ್ಮದೇ ಟೋಕನ್ ತಗೊಂಡರು. ಇಳಿದು ನಿಧಾನಕ್ಕೆ ನಡೆದುಕೊಂಡು ಮೇಯೋ ಹಾಲ್ ಹತ್ತಿರದ ಕಿಟ್ಟೆಲ್ ಪ್ರತಿಮೆ ಮುಂದೆ ನಿಂತೆವು. ಸುತ್ತ ಗಾಡಿಗಳ ಗದ್ದಲ. ಅಪ್ಪ ಕನ್ನಡಕ ಒರೆಸಿಕೊಂಡು ಮೇಲೆ ಕೆಳಗೆ ನೋಡಿದರು.

"ಇವರಿಗೋಸ್ಕರ ತಾನೆ ನೀನು 60 ಯೂರೋ ಕಟ್ಟಿದ್ದು?"

"ಹೂಂ."

"ಸರಿ, ನಡಿ. ಕಾಫಿ ಕುಡಿಯೋಣ."

ಕಾಫಿಗೆ ದುಡ್ಡು ಅವರೇ ಕೊಟ್ಟರು, ಚಿಲ್ಲರೆ ಎಣಿಸಿ.