ಜಗಜ್ಜಟ್ಟಿಯ ಋಣ

ಗುದ್ದಾಟವನ್ನೇ ಕಸುಬಾಗಿಸಿಕೊಂಡವನ ಬಾಳಿನಲ್ಲಿ ಋಣದ ಮಾತೇಕೆ ಎಂದು ಓದುಗರು ಕೇಳಬಹುದು. ಆದರೆ ಜೋ ಲೂಯಿಸನ ಕಥೆಯನ್ನು ಆ ಮಾತಿಲ್ಲದೆ ಹೇಳುವಂತಿಲ್ಲ.

1914ರ ಮೇ 13ರಂದು ಅಮೆರಿಕದ ಅಲಬಾಮಾ ಪ್ರಾಂತದಲ್ಲಿ, ಪಾಲಿಗೆ ಹೊಲ ಮಾಡುತ್ತಿದ್ದ ಬಡ ಕಪ್ಪು ಕುಟುಂಬವೊಂದರಲ್ಲಿ ಆತ ಹುಟ್ಟಿದ. 1926ರಲ್ಲಿ ಸಂಸಾರ ಡೆಟ್ರಾಯಿಟ್ ನಗರಕ್ಕೆ ವಲಸೆ ಬಂದಿತು. ಪಿಟೀಲು ಕಲಿಯಲೆಂದು ತಾಯಿ ಕೊಟ್ಟ ಹಣ ಗುಟ್ಟಾಗಿ ಮುಷ್ಟಿಯುದ್ಧದ ಗರಡಿಗೆ ಸಂದಾಯವಾಯಿತು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಮನೆಮಂದಿ ಸರ್ಕಾರದ ಸಹಾಯಧನದಿಂದ ಹೊಟ್ಟೆ ಹೊರೆದರು. 1934ರಲ್ಲಿ ವೃತ್ತಿಗಿಳಿದ ಲೂಯಿಸ್, ಕೈಗೆ ನಾಲ್ಕು ಕಾಸು ಬರುತ್ತಲೇ ಆ ಹಣವನ್ನು ಹಿಂತಿರುಗಿಸಿದ. ಅದನ್ನು ಮರಳಿಸೆಂದು ಯಾರೂ ಕೇಳಿರಲಿಲ್ಲ.

1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಹನ್ನೆರಡನೆಯ ಸುತ್ತಿನಲ್ಲಿ ಅವನನ್ನು ನೆಲಕ್ಕೆ ಕೆಡವಿದ. ಹಿಟ್ಲರನ ಪ್ರಚಾರಕರು ಅದನ್ನು ತಮ್ಮ ಜನಾಂಗದ ಗೆಲುವೆಂದು ಸಾರಿದರು. ಮರುವರ್ಷ ಲೂಯಿಸ್ ಜೇಮ್ಸ್ ಬ್ರ್ಯಾಡಕ್‌ನನ್ನು ಸೋಲಿಸಿ ಹೆವಿವೇಯ್ಟ್ ಜಗಜ್ಜಟ್ಟಿಯಾದನಾದರೂ ಹಳೆಯ ಲೆಕ್ಕ ಚುಕ್ತಾ ಆಗಿರಲಿಲ್ಲ. 1938ರ ಜೂನ್ 22ರ ರಾತ್ರಿ ನ್ಯೂಯಾರ್ಕಿನಲ್ಲಿ, ಸುಮಾರು 70,000 ಪ್ರೇಕ್ಷಕರ ಎದುರಿಗೆ, ಅದು 124 ಸೆಕೆಂಡುಗಳಲ್ಲಿ ತೀರಿತು. ಶ್ಮೆಲಿಂಗ್ ಮೂರು ಬಾರಿ ಉರುಳಿದ. ಕಪ್ಪು ಜನರನ್ನು ಬೇರೆಯಾಗಿ ಕೂರಿಸುತ್ತಿದ್ದ ದೇಶವೇ ಅಂದು ಕಪ್ಪು ಜಟ್ಟಿಯೊಬ್ಬನನ್ನು ತನ್ನವನೆಂದು ಮೆರೆಸಿತು.

ಹನ್ನೊಂದು ವರ್ಷಕ್ಕೂ ಮಿಗಿಲಾಗಿ, 1949ರವರೆಗೆ, 25 ಬಾರಿ ಆತ ಪಟ್ಟವನ್ನು ಕಾಯ್ದುಕೊಂಡ. 1942ರಲ್ಲಿ ಎರಡು ಪಂದ್ಯಗಳ ಸಂಭಾವನೆಯನ್ನು ನೌಕಾಪಡೆ ಹಾಗೂ ಭೂಸೇನೆಯ ಪರಿಹಾರ ನಿಧಿಗಳಿಗೆ ಅರ್ಪಿಸಿದ. ತಾನೂ ಸೈನ್ಯ ಸೇರಿ, ಸೈನಿಕರ ಮನರಂಜನೆಗಾಗಿ 90ಕ್ಕೂ ಹೆಚ್ಚು ಪ್ರದರ್ಶನ ಪಂದ್ಯಗಳನ್ನಾಡಿದ.

ಯುದ್ಧಾನಂತರ ತೆರಿಗೆ ಇಲಾಖೆ ಲೆಕ್ಕ ತೆಗೆಯಿತು. ದಾನವಿತ್ತ ಸಂಭಾವನೆಯೂ ಆತನ ಆದಾಯವೆಂದೇ ಗಣನೆಗೆ ಬಂದಿತು. ಲೂಯಿಸನದೂ ಧಾರಾಳದ ಕೈ. ನಂಟರಿಷ್ಟರು ಕೇಳಿದಷ್ಟು ಕೊಟ್ಟ, ಕೈಹಾಕಿದ ವ್ಯಾಪಾರಗಳಲ್ಲಿ ಕಳೆದುಕೊಂಡ. ಬಡ್ಡಿ ಬೆಳೆದು ಬಾಕಿ ಹತ್ತು ಲಕ್ಷ ಡಾಲರುಗಳನ್ನು ಮೀರಿತು. ಸಾಲ ತೀರಿಸಲೆಂದು 1950ರಲ್ಲಿ ಮತ್ತೆ ಕಣಕ್ಕಿಳಿದ. 1951ರಲ್ಲಿ, 37ರ ವಯಸ್ಸಿನಲ್ಲಿ, ರಾಕಿ ಮಾರ್ಸಿಯಾನೋ ಎಂಟನೆಯ ಸುತ್ತಿನಲ್ಲಿ ಅವನನ್ನು ಕಣದ ಹಗ್ಗಗಳಾಚೆಗೆ ಕೆಡವಿದ. ಬಳಿಕ ಹೊಟ್ಟೆಪಾಡಿಗಾಗಿ ಕುಸ್ತಿಯನ್ನೂ ಆಡಿದ. ಕಡೆಗಾಲದಲ್ಲಿ ಲಾಸ್ ವೇಗಸ್ಸಿನ ಹೋಟೆಲೊಂದರಲ್ಲಿ ಅತಿಥಿಗಳ ಕೈಕುಲುಕಿ ಸ್ವಾಗತಿಸುವುದೇ ಅವನ ಉದ್ಯೋಗವಾಯಿತು.

1981ರ ಏಪ್ರಿಲ್ 12ರಂದು ಲೂಯಿಸ್ ತೀರಿಕೊಂಡ. ವಿಶೇಷ ಅನುಮತಿಯ ಮೇರೆಗೆ ವೀರಯೋಧರ ಆರ್ಲಿಂಗ್ಟನ್ ರುದ್ರಭೂಮಿಯಲ್ಲಿ ಅವನಿಗೆ ನೆಲೆ ದೊರೆಯಿತು. ಅಂತ್ಯಕ್ರಿಯೆಯ ವೆಚ್ಚಕ್ಕೆ ನೆರವಾದವರಲ್ಲಿ ಜರ್ಮನಿಯ ವೃದ್ಧನೊಬ್ಬನಿದ್ದ. ಲೂಯಿಸನ ಕಷ್ಟಕಾಲದಲ್ಲಿಯೂ ಸದ್ದಿಲ್ಲದೆ ಹಣ ಕೊಟ್ಟು ಕೈಹಿಡಿದಿದ್ದ ಗೆಳೆಯನಾತ. ಹೆಸರು ಮ್ಯಾಕ್ಸ್ ಶ್ಮೆಲಿಂಗ್.