ವಾಘೋಬನ ನೆರೆಯವರು ನಾವು
ಠಾಣೆಯ ಘೋಡ್‌ಬಂದರ್ ರಸ್ತೆಯ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಚಿರತೆಯ ಸುದ್ದಿ ಬಂದರೆ ಸಾಕು, ಅರಣ್ಯ ಇಲಾಖೆಯವರು ಅದನ್ನು ಹಿಡಿದೊಯ್ಯಲಿ ಎಂಬ ಕೂಗು ಏಳುತ್ತದೆ. ಆದರೆ ಬಾಲ್ಕನಿಯಿಂದ ಕಾಣುವ ಯೇವೂರ್ ಬೆಟ್ಟ, ಸುಮಾರು 104 ಚದರ ಕಿ.ಮೀ. ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಭಾಗ. ಅಲ್ಲಿನ ಪಾಡಾಗಳಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ವಾರ್ಲಿಗಳು ಹುಲಿ-ಚಿರತೆಗಳ ದೈವವಾದ ವಾಘೋಬನನ್ನು ಪೂಜಿಸುತ್ತಾರೆ. ನಮ್ಮ ತುಳುನಾಡಿನವರು ಪಿಲಿಚಾಮುಂಡಿಯನ್ನು ನಂಬಿದ ಹಾಗೆ, ಭಯಭಕ್ತಿಯಿಂದ.

ಒಂದು ಚಿರತೆಯನ್ನು ಸಾಗಿಸಿದರೆ ಅದರ ಜಾಗಕ್ಕೆ ಇನ್ನೊಂದು ಬರಬಹುದು. ನಾವು ಗೋಡೆಯಾಚೆ ಎಸೆದ ಕಸಕ್ಕೆ ಬೀದಿನಾಯಿಗಳು ಸೇರುತ್ತವೆ, ನಾಯಿಗಳನ್ನು ಹುಡುಕಿ ಚಿರತೆ ಇಳಿಯುತ್ತದೆ. ಕಾಡು ಕಾಣುತ್ತದೆಂದು ಹೆಚ್ಚು ಹಣ ತೆತ್ತು ಮನೆ ಕೊಂಡವರು ನಾವೇ. ಕಸದ ಡಬ್ಬಿಗೆ ಮುಚ್ಚಳ, ಹಿತ್ತಿಲ ದಾರಿಗೆ ದೀಪ, ಕತ್ತಲಾದ ಮೇಲೆ ಮಕ್ಕಳ ಜೊತೆಗೊಬ್ಬ ದೊಡ್ಡವರು. ವಾಘೋಬನಿಗೆ ಸದ್ಯ ಇಷ್ಟು ಕಾಣಿಕೆಯನ್ನಾದರೂ ಸಲ್ಲಿಸೋಣ.