ಬಾರದ ಉದ್ರಿಗೂ ಲೆಕ್ಕವಿರಲಿ

ಚಳ್ಳಕೆರೆ: ಮುಂಗಾರಿನಲ್ಲಿ ಬೀಜ, ಗೊಬ್ಬರಗಳನ್ನು ಉದ್ರಿಯಾಗಿ ಒಯ್ದು, ಶೇಂಗಾ ಮಾರಿದ ಬಳಿಕ ಬಾಕಿ ತೀರಿಸುವುದು ಮಳೆಯಾಶ್ರಿತ ಸೀಮೆಯ ರೂಢಿ. ಮಳೆ ಕೈಕೊಟ್ಟರೆ ರೈತನ ಬೆಳೆಯೊಂದಿಗೆ ಅಂಗಡಿಯವನ ಬಾಕಿಯೂ ಒಣಗುತ್ತದೆ. ಆದರೆ ಖಾತೆ ಪುಸ್ತಕದಲ್ಲಿ ಆ ಹಣ ಆಸ್ತಿಯಾಗಿಯೇ ಉಳಿದಿರುತ್ತದೆ. ಮಾರಾಟವಾದ ವರ್ಷವೇ ಅದನ್ನು ಆದಾಯವೆಂದು ತೋರಿಸಿದ ವರ್ತಕನು ಕೈಗೆ ಬಾರದ ಲಾಭಕ್ಕೆ ತೆರಿಗೆಯನ್ನೂ ಕಟ್ಟಿರುತ್ತಾನೆ. ಈ ತೊಡಕಿಗೆ ಲೆಕ್ಕಶಾಸ್ತ್ರದಲ್ಲಿ ಪರಿಹಾರವಿದೆ.

ಅಂದಾಜು ಹೇಗೆ?

ಮಾರ್ಚ್ 31ಕ್ಕೆ ಎಲ್ಲ ಬಾಕಿಗಳನ್ನು ಅವುಗಳ ವಯಸ್ಸಿಗೆ ಅನುಗುಣವಾಗಿ ವಿಂಗಡಿಸಬೇಕು. ಬಾಕಿ ಹಳೆಯದಾದಷ್ಟೂ ವಸೂಲಿಯ ಭರವಸೆ ಕಡಿಮೆ. ಉದಾಹರಣೆಗೆ, ಒಂದು ಅಂಗಡಿಗೆ 5 ಲಕ್ಷ ರೂ. ಬರಬೇಕಿದೆ ಎನ್ನೋಣ. ಮೂರು ತಿಂಗಳೊಳಗಿನ 3 ಲಕ್ಷಕ್ಕೆ ಶೇ. 2, ಆರು ತಿಂಗಳೊಳಗಿನ 1 ಲಕ್ಷಕ್ಕೆ ಶೇ. 5, ವರ್ಷದೊಳಗಿನ 60 ಸಾವಿರಕ್ಕೆ ಶೇ. 20, ವರ್ಷ ಮೀರಿದ 40 ಸಾವಿರಕ್ಕೆ ಶೇ. 50ರಂತೆ ನಷ್ಟ ಹಿಡಿದರೆ ಒಟ್ಟು 43 ಸಾವಿರ ರೂ. ಆಗುತ್ತದೆ.

ಈ ಪ್ರಮಾಣಗಳು ಆಯಾ ಅಂಗಡಿಯ ಹಿಂದಿನ ಅನುಭವದಿಂದ ಬರಬೇಕು. ಆದರೆ ಒಳ್ಳೆಯ ಮಳೆಯ ವರ್ಷಗಳ ಅನುಭವ ಬರಗಾಲಕ್ಕೆ ಒಗ್ಗದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷ ಪ್ರಮಾಣವನ್ನು ಏರಿಸುವುದು ಅನಿವಾರ್ಯ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಪರಸ್ಥಳದ ಅಂಗಡಿಗೆ ಉದ್ರಿಯಾಗಿ ಕಳುಹಿಸುವವರ ಬಾಕಿ ಮಳೆಗಿಂತ ಮದುವೆ ಹಂಗಾಮನ್ನು ಅವಲಂಬಿಸುವುದರಿಂದ, ಅವರ ಲೆಕ್ಕಾಚಾರವೇ ಬೇರೆ.

ದಾಖಲೆ ಹೇಗೆ?

ಅಂದಾಜಿನ 43 ಸಾವಿರವನ್ನು ಲಾಭ-ನಷ್ಟ ಖಾತೆಗೆ ಖರ್ಚು ಬರೆದು, ‘ಸಂಶಯಾಸ್ಪದ ಸಾಲಗಳ ಮೀಸಲು’ ಖಾತೆಗೆ ಜಮಾ ಮಾಡಬೇಕು. ಆಗ ವರ್ಷಾಂತ್ಯದ ಆಸ್ತಿ-ಹೊಣೆ ಪಟ್ಟಿಯಲ್ಲಿ ಬಾಕಿ 4.57 ಲಕ್ಷ ರೂ. ಎಂದು ಕಾಣುತ್ತದೆ. ಗ್ರಾಹಕರ ಖಾತೆಗಳನ್ನು ಈ ಹಂತದಲ್ಲಿ ಮುಟ್ಟುವಂತಿಲ್ಲ.

ಮುಂದೆ ಒಬ್ಬ ಗ್ರಾಹಕನ 15 ಸಾವಿರ ಬಾರದೆಂದು ಖಚಿತವಾದರೆ, ಮೀಸಲಿಗೆ ಖರ್ಚು ಹಾಕಿ ಆತನ ಖಾತೆಗೆ ಜಮಾ ಮಾಡಬೇಕು. ಮೀಸಲಿನಲ್ಲಿ 28 ಸಾವಿರ ಉಳಿಯುತ್ತದೆ. ವರ್ಷಾಂತ್ಯಕ್ಕೆ 50 ಸಾವಿರ ಬೇಕೆನಿಸಿದರೆ ಕೊರತೆಯ 22 ಸಾವಿರವನ್ನಷ್ಟೇ ಸೇರಿಸಿದರೆ ಸಾಕು.

ತೆರಿಗೆಯ ನಿಯಮ

ಸಾಮಾನ್ಯ ವರ್ತಕನಿಗೆ ಬರೀ ಮೀಸಲಿನ ಮೇಲೆ ಆದಾಯ ತೆರಿಗೆ ವಿನಾಯಿತಿ ದೊರೆಯದು. ಹಿಂದೆ ಆದಾಯವೆಂದು ತೋರಿಸಿದ ಬಾಕಿಯನ್ನು ಪುಸ್ತಕದಲ್ಲಿ ವಜಾ ಮಾಡಿದಾಗಲೇ ಅದು ಲಭ್ಯ. ಹಾಗೆ ವಜಾ ಮಾಡಿದರೆ ಸಾಕು, ಸಾಲ ಬಾರದೆಂದು ಸಾಬೀತುಪಡಿಸಬೇಕಿಲ್ಲ ಎಂದು 1961ರ ಕಾಯ್ದೆಯಡಿ ಸುಪ್ರೀಂ ಕೋರ್ಟ್ 2010ರಲ್ಲಿ ಟಿ.ಆರ್.ಎಫ್. ಕಂಪನಿಯ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದರೆ ಗ್ರಾಹಕ ಹಣ ಕೊಡಲಿಲ್ಲವೆಂಬ ಕಾರಣಕ್ಕೆ, ಕಟ್ಟಿದ ಜಿ.ಎಸ್.ಟಿ. ಮರಳಿ ಬಾರದು.

ವಜಾ ಎಂದರೆ ಮನ್ನಾ ಅಲ್ಲ

ಪುಸ್ತಕದಿಂದ ಬಾಕಿ ತೆಗೆದ ಮಾತ್ರಕ್ಕೆ ವಸೂಲಿಯ ಹಕ್ಕು ಹೋಗುವುದಿಲ್ಲ. ಮುಂದೆ ಹಣ ಬಂದರೆ ಅದನ್ನು ಆ ವರ್ಷದ ಆದಾಯವೆಂದು ತೋರಿಸಬೇಕು. ಆದರೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಡಿ ಸಾಮಾನ್ಯವಾಗಿ ಮೂರು ವರ್ಷಗಳ ಗಡುವಿದೆ. ಗಡುವಿನೊಳಗೆ ಬಾಕಿದಾರನು ಸಾಲ ಒಪ್ಪಿ ಬರೆದು ಸಹಿ ಹಾಕಿದರೆ ಅಂದಿನಿಂದ ಹೊಸ ಗಡುವು ಆರಂಭವಾಗುತ್ತದೆ. ಆದ್ದರಿಂದ ಮಾರ್ಚ್‌ನಲ್ಲಿ ಬಾಕಿ ಪಟ್ಟಿ ಸಿದ್ಧಪಡಿಸುವಾಗಲೇ ಗ್ರಾಹಕರಿಂದ ಸಹಿ ಪಡೆಯುವುದು ಕ್ಷೇಮ.